ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡಿಂಗ್: ಮಾಡೆಲರ್ ಸಾಕಾ, ಕ್ಯಾಬ್ ಮುಂದೆ ಮೈಕ್ ಇಡಬೇಕಾ? (ಪ್ರಶ್ನೋತ್ತರ)

ಇಂಜಿನಿಯರ್: ಎಲ್ಲರಿಗೂ ನಮಸ್ಕಾರ. ಆಂಪ್, ಸ್ಪೀಕರ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲರ್, ಇಲ್ಲವೇ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಮುಂದೆ ಮೈಕ್, ಸ್ಟುಡಿಯೋದಲ್ಲಿ ಎರಡೂ ವಿಧಾನದಲ್ಲಿ ಗಿಟಾರ್ ರೆಕಾರ್ಡ್ ಮಾಡಿದ್ದೇನೆ. ಕೇಳಿ. ಕೆಲಸದ ನಡುವೆ ಬರೆಯುವುದರಿಂದ ತಡವಾಗಬಹುದು.

ಆರನೇತಂತಿ: ನಮಸ್ತೆ ಮೇಡಂ. ಮಾಡೆಲರ್ ಒಳ್ಳೆಯದಾ, ಮೈಕ್ ಒಳ್ಳೆಯದಾ? ಒಂದೇ ಮಾತಲ್ಲಿ ಹೇಳಿ.

ಇಂಜಿನಿಯರ್: ಒಂದೇ ಮಾತಲ್ಲಿ ಆಗುವುದಿಲ್ಲ. ಒಳ್ಳೆ ಕೋಣೆ, ಒಳ್ಳೆ ಕ್ಯಾಬ್, ಜೋರಾಗಿ ನುಡಿಸುವ ಅವಕಾಶ, ಈ ಮೂರೂ ಇದ್ದರೆ ಮೈಕ್. ಒಂದು ಕೈಕೊಟ್ಟರೂ ಮಾಡೆಲರ್. ಯಾವುದೇ ಆದರೂ ಗಿಟಾರ್‌ನಿಂದ ನೇರ ಬರುವ ಡಿಐ ಸದ್ದನ್ನು ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿ.

ನಾಲ್ಕುಗೋಡೆ: ಮೇಡಂ, ನಮ್ಮದು ಹತ್ತು ಹಾಡಿನ ಆಲ್ಬಮ್. ಆರಕ್ಕೆ ವಾಲ್ವ್ ಆಂಪ್, ಕ್ಯಾಬ್, ಮುಂದೆ ಎಸ್‌ಎಂ57 ಮೈಕ್. ಅಷ್ಟರಲ್ಲಿ ಸ್ಟುಡಿಯೋ ಸಮಯ ಮುಗೀತು, ಉಳಿದ ನಾಲ್ಕನ್ನು ಮನೇಲಿ ಮಾಡೆಲರ್‌ನಲ್ಲಿ ಮಾಡಿದ್ವಿ. ಗಿಟಾರ್ ಒಂದನ್ನೇ ಕೇಳಿದ್ರೆ ಮಾಡೆಲರ್‌ದೇ ಭರ್ಜರಿ. ಡ್ರಮ್ಸ್, ಬೇಸ್ ಸೇರಿದ ತಕ್ಷಣ ಮುಳುಗಿಹೋಗುತ್ತೆ. ಮೈಕ್ ಇಟ್ಟ ಆರರಲ್ಲಿ ಹಾಗಿಲ್ಲ. ಡಿಐ ಉಳಿಸಿದ್ದೀವಿ.

ಇಂಜಿನಿಯರ್: ಡಿಐ ಉಳಿಸಿದ್ದೀರಲ್ಲ, ಅರ್ಧ ಚಿಂತೆ ಹೋಯಿತು. ಟೋನ್ ಹೊಂದಿಸಿದ್ದು ಹೆಡ್‌ಫೋನ್‌ನಲ್ಲಾ?

ನಾಲ್ಕುಗೋಡೆ: ಹೌದು ಮೇಡಂ. ರಾತ್ರಿ ಹೊತ್ತು, ಸಣ್ಣ ಸದ್ದಲ್ಲಿ.

ಇಂಜಿನಿಯರ್: ಅಲ್ಲೇ ಇದೆ ನೋಡಿ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳೂ ತಾರ ಸ್ವರಗಳ ಚುರುಕೂ ಮಂಕಾಗಿ ಕೇಳುತ್ತವೆ. ಹಾಗಾಗಿ ಬೇಸ್, ಟ್ರೆಬಲ್ ಎರಡನ್ನೂ ಏರಿಸಿರುತ್ತೀರಿ, ಮಿಡ್ (ನಡುವಿನ ಸ್ವರಗಳು) ಟೊಳ್ಳಾಗಿರುತ್ತದೆ. ಆದರೆ ಬ್ಯಾಂಡ್ ನಡುವೆ ಗಿಟಾರ್ ಉಸಿರಾಡುವುದೇ ಮಿಡ್‌ನಲ್ಲಿ. ದಪ್ಪ ಇ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿನದು ಕಿಕ್ ಮತ್ತು ಬೇಸ್‌ನ ಜಾಗ. ಮೇಲುಗಡೆ, ಗಿಟಾರ್ ಸ್ಪೀಕರ್ ತಾನಾಗಿಯೇ 5-6 ಕಿಲೋಹರ್ಟ್ಸ್ ದಾಟಿದ ಮೇಲೆ ಇಳಿದುಬಿಡುತ್ತದೆ. ಆ ಆರು ಹಾಡುಗಳನ್ನು ಕಾಪಾಡಿದ್ದು ಈ ಇಳಿತ.

ಮೊದಲು ಮಾಡೆಲರ್‌ನ ಪ್ರಿಸೆಟ್‌ನಲ್ಲಿ (ಸಿದ್ಧ ಸೆಟ್ಟಿಂಗ್) ಇರುವ ರಿವರ್ಬ್, ಡಿಲೇ ಎಂಬ ಪ್ರತಿಧ್ವನಿಗಳನ್ನು ತೆಗೆಯಿರಿ. ಪ್ರಿಸೆಟ್‌ಗಳನ್ನು ಒಂಟಿಯಾಗಿ ಕೇಳಿದಾಗ ಮೆಚ್ಚುಗೆಯಾಗುವ ಹಾಗೆ ಮಾಡಿರುತ್ತಾರೆ. ಗೇನ್ (ಸದ್ದು ಒಡೆಸುವ ಪ್ರಮಾಣ) ಗಣನೀಯವಾಗಿ ಇಳಿಸಿ. ಆಮೇಲೆ ಕ್ಯಾಬ್‌ಗೆ ಬನ್ನಿ. ಮಾಡೆಲರ್‌ನಲ್ಲಿ ಕ್ಯಾಬ್ ಎಂದರೆ ಸಾಮಾನ್ಯವಾಗಿ ಒಂದು ಇಂಪಲ್ಸ್ ರೆಸ್ಪಾನ್ಸ್, ಅಂದರೆ ಐಆರ್. ಯಾವ ಸ್ಪೀಕರ್, ಯಾವ ಮೈಕ್, ಎಷ್ಟು ದೂರ ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಎಷ್ಟೋ ಸಲ ಆಂಪ್ ಮಾಡೆಲ್ ಬದಲಿಸಿದ್ದಕ್ಕಿಂತ ಐಆರ್ ಬದಲಿಸಿದಾಗಲೇ ಸದ್ದು ಹೆಚ್ಚು ಬದಲಾಗುತ್ತದೆ. ನಿಜವಾದ ಕ್ಯಾಬ್ ಮುಂದೆಯೂ ಮೈಕನ್ನು ಕೋನ್‌ನ ನಡುವಿನಿಂದ ಎರಡು ಬೆರಳು ಅಂಚಿಗೆ ಸರಿಸಿದರೆ ಸಾಕು, ಬೇರೆ ಆಂಪ್ ಅನ್ನಿಸುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸದಾಗಿ ನುಡಿಸುತ್ತಿರಲಿಲ್ಲ. ಅದೇ ಸ್ಟುಡಿಯೋದಲ್ಲಿ ಅರ್ಧ ದಿನ ತೆಗೆದುಕೊಂಡು, ನಾಲ್ಕೂ ಡಿಐ ಟ್ರ್ಯಾಕ್‌ಗಳನ್ನು ರೀಆಂಪ್ ಬಾಕ್ಸ್ (ರೆಕಾರ್ಡ್ ಆದ ಸದ್ದನ್ನು ಆಂಪ್‌ನ ಇನ್‌ಪುಟ್‌ಗೆ ತಕ್ಕಂತೆ ಮಾಡುವ ಪೆಟ್ಟಿಗೆ) ಮೂಲಕ ಅದೇ ಆಂಪ್‌ಗೆ ಕಳಿಸಿ ಅದೇ ಮೈಕ್‌ನಲ್ಲಿ ಹಿಡಿಯುತ್ತಿದ್ದೆ. ಅದಾಗದಿದ್ದರೆ ಆ ಕ್ಯಾಬ್‌ನ ಐಆರ್ ತೆಗೆದುಕೊಡಿ ಎಂದು ಕೇಳಿ ಮಾಡೆಲರ್‌ಗೆ ಹಾಕಿ. ಜೋರಾಗಿ ದುಡಿಯುವಾಗ ಸ್ಪೀಕರ್ ಸದ್ದನ್ನು ಸ್ವಲ್ಪ ಅದುಮುತ್ತದೆ. ಐಆರ್‌ಗೆ ಅದನ್ನು ಹಿಡಿಯಲಾಗದು. ಆದರೆ ನಿಮ್ಮ ಈಗಿನ ಸಮಸ್ಯೆ ಅದಲ್ಲ.

ವಾಲ್ವ್‌ಬೆಂಕಿ: ಇಷ್ಟೆಲ್ಲ ಯಾಕೆ? ಮಾಡೆಲರ್‌ಗೆ ಜೀವ ಇಲ್ಲ, ಅಷ್ಟೇ.

ಪ್ಲಗಿನ್‌ಪ್ರಿಯ: 1998ರ ಪಾಡ್ ಮಾಡೆಲರ್ ಕಾಲದ ಮಾತು ಅದು. ಕೆಂಪರ್, ಆಕ್ಸ್-ಎಫ್‌ಎಕ್ಸ್‌ನಂಥ ಮಾಡೆಲರ್ ಬಂದು ಎಷ್ಟೋ ವರ್ಷ ಆಯ್ತು. ಮಿಕ್ಸ್‌ನಲ್ಲಿ ಕಣ್ಣು ಮುಚ್ಚಿ ಗುರುತಿಸಿ ನೋಡೋಣ.

ವಾಲ್ವ್‌ಬೆಂಕಿ: ಕೇಳೋರಿಗೆ ಗೊತ್ತಾಗದೇ ಇರಬಹುದು, ನುಡಿಸೋ ಕೈಗೆ ಗೊತ್ತಾಗುತ್ತೆ. ಆಂಪ್ ಎದುರು ನಿಂತಾಗ ತಂತಿ ತಾನೇ ಹಾಡುತ್ತೆ. ಹೆಡ್‌ಫೋನ್‌ನಲ್ಲಿ ಅದು ಬರುತ್ತಾ?

ಇಂಜಿನಿಯರ್: ಆ ಫೀಡ್‌ಬ್ಯಾಕ್ ಮಾತು ನಿಜ. ಮಾಡೆಲರನ್ನೂ ಮಾನಿಟರ್‌ನಲ್ಲಿ ಜೋರಾಗಿ ಹಾಕಿ ಎದುರು ನಿಂತರೆ ಬರುತ್ತದೆ.

ಹೊಸಬ_7: ಮೇಡಂ, ಮಾಡೆಲರ್ ಒಳ್ಳೆಯದಾ ಮೈಕಾ?

ಇಂಜಿನಿಯರ್: ಮೇಲೆ ಹೇಳಿದ್ದೇನೆ.

ಮಂದ್ರ: ಒಂದೇ ಸ್ಪೀಕರ್‌ಗೆ ಎರಡು ಮೈಕ್ ಇಟ್ಟೆ, ಸದ್ದು ಪೇಲವ ಆಯ್ತು.

ಪ್ಲಗಿನ್‌ಪ್ರಿಯ: ಮೂರಕ್ಕೊಂದು ನಿಯಮ ಪಾಲಿಸಿ. ಎರಡನೇ ಮೈಕ್ ಮೂರು ಪಟ್ಟು ದೂರ ಇರಲಿ.

ಇಂಜಿನಿಯರ್: ತಪ್ಪು. ಆ ನಿಯಮ ಎರಡು ಬೇರೆ ವಾದ್ಯಗಳ ಮುಂದಿನ ಎರಡು ಮೈಕ್‌ಗಳಿಗೆ. ಒಂದೇ ಸ್ಪೀಕರ್ ಮುಂದೆ ಒಂದು ಮೈಕ್ 17 ಸೆಂಟಿಮೀಟರ್ ಹಿಂದಿದ್ದರೆ ಸದ್ದು ಅರ್ಧ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಎರಡೂ ಸೇರಿದಾಗ ಒಂದು ಕಿಲೋಹರ್ಟ್ಸ್ ಸುತ್ತ ಸದ್ದು ಕುಸಿಯುತ್ತದೆ. ಎರಡನ್ನೂ ಸಮ ದೂರದಲ್ಲಿಡಿ.

ಪ್ಲಗಿನ್‌ಪ್ರಿಯ: ನಾನು ಓದಿದ್ದು ಹಾಗೇ.

ವಾಲ್ವ್‌ಬೆಂಕಿ: ಓದೋದು ಬಿಟ್ಟು ಒಂದು ಮೈಕ್ ಇಟ್ಟು ನೋಡ್ರೀ ಮೊದಲು.

ಪ್ಲಗಿನ್‌ಪ್ರಿಯ: ನಿಮ್ಮನ್ನು ಯಾರೂ ಕೇಳಿಲ್ಲ.

ಮಳೆಹುಳು: ಇಂಟರ್‌ಫೇಸ್‌ನಲ್ಲಿ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸೋ ಪೆಟ್ಟಿಗೆ) ಬಫರ್ 256 ಸ್ಯಾಂಪಲ್ ಇಟ್ಟರೆ ನುಡಿಸುವಾಗ ತಡ ಆಗುತ್ತೆ, 64 ಇಟ್ಟರೆ ಪಟಪಟ ಸದ್ದು. ಏನ್ಮಾಡ್ಲಿ?

ಜಯವಾಗಲಿ: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ: "1) ಗುಂಯ್ ಸದ್ದು ಬಂದರೆ ಆಂಪ್ ಪ್ಲಗ್‌ನ ಅರ್ತ್ ಪಿನ್ ಮುರಿಯಿರಿ. 2) ಕ್ಯಾಬ್ ಇಲ್ಲದಿದ್ದರೆ ಆಂಪ್‌ನ ಸ್ಪೀಕರ್ ಔಟನ್ನು ನೇರ ಇಂಟರ್‌ಫೇಸ್‌ಗೆ ಹಾಕಿ, ವಾಲ್ಯೂಮ್ ಕಡಿಮೆ ಇಡಿ."

ಇಂಜಿನಿಯರ್: ದಯವಿಟ್ಟು ಅಳಿಸಿ. ಈಗಲೇ.

ಅರ್ತ್ ಪಿನ್ ಇರುವುದು ನಿಮ್ಮ ಜೀವ ಉಳಿಸಲು. ಅರ್ತ್ ಇಲ್ಲದ ಆಂಪ್ ಒಳಗೆ ಏನಾದರೂ ಕೆಟ್ಟರೆ ಗಿಟಾರ್ ತಂತಿಗಳಿಗೇ ಕರೆಂಟ್ ಬರಬಹುದು. ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ಲಿ ಹಾರ್ವೆ 1972ರಲ್ಲಿ ವೇದಿಕೆಯ ಮೇಲೆಯೇ ತೀರಿಕೊಂಡರು, ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ. ಗುಂಯ್ ನಿಲ್ಲಬೇಕಾದರೆ ಆಂಪ್, ಇಂಟರ್‌ಫೇಸ್ ಎರಡಕ್ಕೂ ಒಂದೇ ಪವರ್ ಬೋರ್ಡ್‌ನಿಂದ ಕರೆಂಟ್ ಕೊಡಿ, ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಆಡಿಯೋ ಕೇಬಲ್‌ನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ.

ಎರಡನೆಯದು: 100 ವ್ಯಾಟ್ ಆಂಪ್ 8 ಓಮ್‌ಗೆ ಸುಮಾರು 28 ವೋಲ್ಟ್ ತಳ್ಳುತ್ತದೆ. ಇಂಟರ್‌ಫೇಸ್ ಅದಕ್ಕೆ ಮಾಡಿದ್ದಲ್ಲ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಸ್ಪೀಕರ್ ಬೇಡವೆಂದರೆ ಆಂಪ್‌ಗೆ ತಕ್ಕ ವ್ಯಾಟ್, ತಕ್ಕ ಓಮ್‌ನ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಶಕ್ತಿ ಹೀರುವ ಪೆಟ್ಟಿಗೆ) ಬೇಕೇ ಬೇಕು.

ಜಯವಾಗಲಿ: ಒಳ್ಳೆ ಉದ್ದೇಶದಿಂದ ಹಾಕಿದ್ದು ಮೇಡಂ. ಇಷ್ಟು ರೇಗಬೇಕಾಗಿರಲಿಲ್ಲ.

ಇಂಜಿನಿಯರ್: ಇನ್ನೂ ಅಳಿಸಿಲ್ಲ ನೀವು.

ಹೊಸಬ_7: ರಿಬ್ಬನ್ ಮೈಕ್‌ಗೆ ಫ್ಯಾಂಟಮ್ ಪವರ್ ಕೊಡಬಹುದಾ?

ಇಂಜಿನಿಯರ್: ಪ್ಯಾಸಿವ್ ರಿಬ್ಬನ್ (ಒಳಗೆ ಆಂಪ್ಲಿಫೈಯರ್ ಇಲ್ಲದ್ದು) ಆದರೆ, ಕೇಬಲ್ ಮೂಲಕ ಮೈಕ್‌ಗೆ ಹೋಗುವ ಆ ಕರೆಂಟನ್ನು ಆಫ್ ಮಾಡಿ.

ವಾಲ್ವ್‌ಬೆಂಕಿ: ನೋಡಿ, ಇಂಟರ್‌ಫೇಸ್ ಮಂದಿಗೆ ಆಂಪ್ ಕೊಟ್ಟರೆ ಹೀಗೇ.

ಪ್ಲಗಿನ್‌ಪ್ರಿಯ: ಅಡ್ಮಿನ್, ಇವರನ್ನು ಸ್ವಲ್ಪ ನೋಡ್ಕೊಳ್ಳಿ.

ಸಂಜೆರಾಗ: ಮೇಡಂ, ಆ ಫಾರ್ವರ್ಡ್ ನನಗೆ ನಿನ್ನೆ ಬಂತು. ಎರಡನೆಯದನ್ನು ಮಾಡಿಬಿಟ್ಟೆ. ಹತ್ತು ನಿಮಿಷ ನುಡಿಸಿರಬಹುದು, ಸುಟ್ಟ ವಾಸನೆ ಬಂತು. ಈಗ ಕ್ಯಾಬ್ ಹಾಕಿ ಒಂದ್ಸಲ ಆನ್ ಮಾಡಿ ನೋಡ್ಲಾ?

ಇಂಜಿನಿಯರ್: ಬೇಡ. ಪ್ಲಗ್ ಕಿತ್ತಿಡಿ. ನೀವೇ ಬಿಚ್ಚಲೂ ಬೇಡಿ, ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ವಾಲ್ವ್ ಆಂಪ್ ರಿಪೇರಿ ಬಲ್ಲವರ ಕೈಗೆ ಕೊಟ್ಟು, ಲೋಡ್ ಇಲ್ಲದೆ ನುಡಿಸಿದ್ದೆ ಎಂದು ಮುಚ್ಚಿಡದೆ ಹೇಳಿ. ಇಂಟರ್‌ಫೇಸ್‌ನ ಆ ಇನ್‌ಪುಟ್‌ಗೂ ಸದ್ಯಕ್ಕೆ ಏನೂ ಹಾಕಬೇಡಿ. ಕಿತ್ತಿದ್ದೀರಾ?

ಸಂಜೆರಾಗ: ಕಿತ್ತೆ ಮೇಡಂ.

ಮಳೆಹುಳು: ನನ್ನ ಬಫರ್ ಪ್ರಶ್ನೆ ಹಾಗೇ ಉಳೀತು.