ಪದಚರ್ಚೆ: ಬ್ರೆಕ್ಸಿಟ್ ಪಾಠದ ‘ಸಾವರಿನ್ಟಿ’ಗೆ ಸಾರ್ವಭೌಮತೆಯೋ, ಪರಮಾಧಿಕಾರವೋ?

ಪ್ರಶ್ನೆ

ಬಲ್ಲವರೆಲ್ಲರಿಗೆ ನಮಸ್ಕಾರ.

ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗಾಗಿ ಬ್ರಸೆಲ್ಸ್ ಕೇಂದ್ರವಾಗಿರುವ ಐರೋಪ್ಯ ಒಕ್ಕೂಟವನ್ನು ಬ್ರಿಟನ್ ತೊರೆದ ಪ್ರಸಂಗದ (ಬ್ರೆಕ್ಸಿಟ್) ಮೇಲೆ ಒಂದು ಪಾಠವನ್ನು ಕನ್ನಡಕ್ಕೆ ತಂದಿದ್ದೇನೆ. ಕರಡಚ್ಚನ್ನು ತಿದ್ದಿ ಸೋಮವಾರ ಮುದ್ರಣಾಲಯಕ್ಕೆ ಒಪ್ಪಿಸಬೇಕಾಗಿದೆ. ತೊಡಕಿರುವುದು ಒಂದೇ ಪದದಲ್ಲಿ. ಮೂಲದಲ್ಲಿ ‘ಸಾವರಿನ್ಟಿ’ ಎಂದು ಬಂದ ಕಡೆಯಲ್ಲೆಲ್ಲ ನಾನು ‘ಸಾರ್ವಭೌಮತೆ’ ಎಂದು ಬರೆದುಕೊಂಡು ಹೋದೆ. ಹೀಗಾಗಿ ಒಂದೇ ಪುಟದಲ್ಲಿ ಮೂರು ವಾಕ್ಯಗಳು ಬಂದಿವೆ: ‘ಬ್ರಿಟನ್ ತನ್ನ ಸಾರ್ವಭೌಮತೆಯನ್ನು ಬ್ರಸೆಲ್ಸ್‌ಗೆ ಬಿಟ್ಟುಕೊಟ್ಟಿದೆ ಎಂದು ಒಂದು ಪಕ್ಷ ವಾದಿಸಿತು’, ‘ಸುಪ್ರೀಂ ಕೋರ್ಟು ಸಂಸತ್ತಿನ ಸಾರ್ವಭೌಮತೆಯನ್ನು ಎತ್ತಿಹಿಡಿಯಿತು’, ‘ಜನರ ಸಾರ್ವಭೌಮತೆಯನ್ನು ಸಂಸತ್ತು ಕಡೆಗಣಿಸುತ್ತಿದೆ ಎಂಬ ಕೂಗೆದ್ದಿತು’. ಕರಡನ್ನು ಓದಿಕೊಟ್ಟ ವಿದ್ಯಾರ್ಥಿನಿಯೊಬ್ಬಳು ಮೂರು ಕಡೆಯೂ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ‘ಮೂರೂ ಸಾರ್ವಭೌಮವಾದರೆ ಜಗಳ ಯಾರ ನಡುವೆ ಸರ್?’ ಎಂದು ಅಂಚಿನಲ್ಲಿ ಬರೆದಿದ್ದಾಳೆ. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಒಂದೇ ಪದವನ್ನು ಉಳಿಸಿಕೊಳ್ಳಬೇಕೇ, ಒಡೆಯಬೇಕೇ? ಹಾಗೆಯೇ ‘ಟೇಕ್ ಬ್ಯಾಕ್ ಕಂಟ್ರೋಲ್’ ಎಂಬ, ತೊರೆಯುವ ಪರವಾಗಿದ್ದವರ ಘೋಷಣೆಗೆ ನಾನು ಕೊಟ್ಟಿರುವ ‘ನಿಯಂತ್ರಣವನ್ನು ಹಿಂಪಡೆಯಿರಿ’ ಎಂಬುದು ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ. ದಯವಿಟ್ಟು ಬೇಗ ತಿಳಿಸಿ.

ಮೊದಲ ಉತ್ತರ

ನಮ್ಮ ಸಂವಿಧಾನದ ಕನ್ನಡ ಪ್ರಸ್ತಾವನೆಯಲ್ಲಿ ‘ಸಾರ್ವಭೌಮ’ ಎಂದಿದೆ. ಶಾಲೆಯ ಗೋಡೆಗಳ ಮೇಲೆ ಬರೆಸಿರುವುದೂ ಅದನ್ನೇ. ಇತ್ಯರ್ಥವಾದ ಪದವನ್ನು ಕೆದಕುವ ಅಗತ್ಯವಿಲ್ಲ. ಹಾಗೆಯೇ ಅಚ್ಚಿಗೆ ಕಳುಹಿಸಿ.

ಎರಡನೆಯ ಉತ್ತರ

ಹಾಗೆಯೇ ಕಳುಹಿಸಬೇಡಿ. ಪ್ರಸ್ತಾವನೆಯಲ್ಲಿರುವುದು ಗಣರಾಜ್ಯಕ್ಕೆ ಸೇರಿದ ವಿಶೇಷಣ. ಅಲ್ಲಿ ಸಂಸತ್ತಿಗೂ ಜನರಿಗೂ ವ್ಯಾಜ್ಯ ನಡೆಯುತ್ತಿಲ್ಲ. ಅದೇ ಜಾಗದಲ್ಲಿ ಹಿಂದಿಯ ಪ್ರಸ್ತಾವನೆ ‘ಸಂಪೂರ್ಣ ಪ್ರಭುತ್ವ ಸಂಪನ್ನ’ ಎಂದು ಬೇರೆಯೇ ಪದವನ್ನು ಹಿಡಿದಿರುವಾಗ, ಮಾತು ಇತ್ಯರ್ಥವಾಗಿದೆ ಎನ್ನುವುದು ಆತುರದ ತೀರ್ಪು.

‘ಸರ್ವಭೂಮಿ’ಗೆ ‘ತಸ್ಯೇಶ್ವರಃ’ (ಅದಕ್ಕೆ ಒಡೆಯ) ಎಂಬ ಅರ್ಥದಲ್ಲಿ ಪ್ರತ್ಯಯ ಸೇರಿ, ಎರಡು ಪದಗಳ ಮೊದಲ ಸ್ವರಕ್ಕೂ ವೃದ್ಧಿಯಾಗಿ (ಅ ಹೋಗಿ ಆ, ಊ ಹೋಗಿ ಔ ಬಂದು) ‘ಸಾರ್ವಭೌಮ’ ಆಗುತ್ತದೆ ಎಂಬುದನ್ನು ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ನೆಲಕ್ಕೆ ಒಡೆಯನಾದವನು, ಚಕ್ರವರ್ತಿ ಎಂದು ಅದರ ಅರ್ಥ. ನೆರೆಯವರ ನೆಲವನ್ನೂ ಸೇರಿಸಿಕೊಂಡು ಆಳುವವನಿಗಾಗಿ ಹುಟ್ಟಿದ ಪದವನ್ನು, ‘ನಮ್ಮ ನೆಲವನ್ನು ನೆರೆಯವರು ಆಳಬಾರದು’ ಎನ್ನುವ ವಾದಕ್ಕೆ ನಾವು ತೊಡಿಸಿದ್ದೇವೆ. ಈ ವಿರೋಧ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಆದರೂ ರೂಢಿ ಬಲಿತಿರುವುದರಿಂದ ದೇಶದ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಸಂಸತ್ತಿನ ಮಟ್ಟಿಗೆ ಒಪ್ಪಲಾರೆ.

ಬ್ರಿಟನ್ನಿನ ಸಂಸತ್ತಿನ ವಿಷಯದಲ್ಲಿ ಈ ಪದಕ್ಕೂ ನೆಲಕ್ಕೂ ಸಂಬಂಧವಿಲ್ಲ. ಸಂಸತ್ತು ಯಾವ ಕಾನೂನನ್ನಾದರೂ ಮಾಡಬಹುದು, ಯಾವುದನ್ನಾದರೂ ರದ್ದುಪಡಿಸಬಹುದು, ಅದು ಮಾಡಿದ ಕಾನೂನನ್ನು ಬದಿಗೊತ್ತುವ ಹಕ್ಕು ಬೇರೆ ಯಾರಿಗೂ ಇಲ್ಲ ಎಂದು ಬ್ರಿಟನ್ನಿನ ಸಂವಿಧಾನ ಪಂಡಿತ ಡೈಸಿ 1885ರಲ್ಲಿ ವಿವರಿಸಿದ ತತ್ತ್ವವದು. ಕೊನೆಯ ಮಾತು ಯಾರದು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನಮ್ಮ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಪಳಗಿರುವ ‘ಪರಮಾಧಿಕಾರ’ ಇದಕ್ಕೆ ಅಳತೆ ಮಾಡಿ ಹೊಲಿದಂತಿದೆ.

ಮೀನಿನ ಮೊಕದ್ದಮೆಯೊಂದನ್ನು ನೋಡಿದರೆ ಈ ಭೇದ ಕಣ್ಣಿಗೆ ಕಟ್ಟುತ್ತದೆ. ಬ್ರಿಟನ್ ಆಗಿನ ಐರೋಪ್ಯ ಸಮುದಾಯವನ್ನು (ಇಂದಿನ ಒಕ್ಕೂಟದ ಹಿಂದಿನ ರೂಪ) ಸೇರಿದ್ದು 1973ರ ಜನವರಿ 1ರಂದು; ಸಮುದಾಯದ ಕಾನೂನಿಗೆ ಬ್ರಿಟನ್ನಿನೊಳಗೆ ಬಲ ಕೊಟ್ಟದ್ದು ಸಂಸತ್ತೇ ಮಾಡಿದ 1972ರ ಕಾಯಿದೆ. ಸ್ಪೇನಿನವರ ಒಡೆತನದ ದೋಣಿಗಳು ಬ್ರಿಟನ್ನಿನಲ್ಲಿ ನೋಂದಣಿ ಮಾಡಿಸಿಕೊಂಡು ಬ್ರಿಟನ್ನಿನ ಪಾಲಿನ ಮೀನನ್ನು ಹಿಡಿಯುತ್ತಿವೆ ಎಂಬ ದೂರು ಬಂದಾಗ, ಅದನ್ನು ತಡೆಯಲು ಸಂಸತ್ತು 1988ರಲ್ಲಿ ಹಡಗು ನೋಂದಣಿಯ ನಿಯಮಗಳನ್ನು ಬಿಗಿಗೊಳಿಸುವ ಕಾಯಿದೆ ತಂದಿತು. ಅದು ಸಮುದಾಯದ ಕಾನೂನಿಗೆ ವಿರುದ್ಧವೆಂದು ದೋಣಿಗಳವರು ಹೂಡಿದ, ಫ್ಯಾಕ್ಟರ್‌ಟೇಮ್ ಎಂಬ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆ ಐರೋಪ್ಯ ನ್ಯಾಯಾಲಯದವರೆಗೆ ಹೋಗಿ ಹಿಂದಿರುಗಿ, 1990ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೇ ತನ್ನ ಸಂಸತ್ತಿನ ಕಾಯಿದೆಯ ಜಾರಿಗೆ ತಡೆ ಹಾಕಿತು. ಅಂದು ಬ್ರಿಟನ್ನಿನ ನೆಲ ಒಂದಂಗುಲವೂ ಯಾರ ಪಾಲಾಗಲಿಲ್ಲ. ಕಳೆದುಹೋಯಿತೆಂದು ಹಲವರಿಗೆ ಅನಿಸಿದ್ದು ಸಂಸತ್ತಿನ ಕೊನೆಯ ಮಾತು. ಅನಿಸಿದ್ದು ಎಂದು ಬೇಕೆಂದೇ ಬರೆದಿದ್ದೇನೆ. ಸದಸ್ಯತ್ವದ ಉದ್ದಕ್ಕೂ ಸಂಸತ್ತಿನ ಈ ಅಧಿಕಾರ ಉಳಿದೇ ಇತ್ತು, ಆದರೆ ಯಾವಾಗಲೂ ಹಾಗೆ ಅನಿಸಿರಲಿಲ್ಲ ಎಂದು ಒಕ್ಕೂಟವನ್ನು ತೊರೆಯಲು ಹೊರಟ ಸರ್ಕಾರವೇ 2017ರ ಶ್ವೇತಪತ್ರದಲ್ಲಿ ಒಪ್ಪಿಕೊಂಡಿತ್ತು.

ಸುಪ್ರೀಂ ಕೋರ್ಟಿನ ಬಗೆಗಿನ ನಿಮ್ಮ ಎರಡನೆಯ ವಾಕ್ಯದಲ್ಲಿ ಬ್ರಸೆಲ್ಸ್ ಕಕ್ಷಿಯೇ ಅಲ್ಲ. 2016ರ ಜೂನ್ 23ರ ಜನಮತದಲ್ಲಿ ಶೇ 51.9ರಷ್ಟು ಮತಗಳು ತೊರೆಯುವ ಪರವಾಗಿ ಬಂದವು. ಅದನ್ನು ಹಿಡಿದು, ರಾಣಿಯ ಹೆಸರಿನಲ್ಲಿ ತಾನು ಚಲಾಯಿಸುವ ವಿಶೇಷಾಧಿಕಾರದ ಬಲದಿಂದಲೇ ಒಕ್ಕೂಟವನ್ನು ತೊರೆಯುವ ವಿಧಾನವನ್ನು ಹೇಳುವ, ಲಿಸ್ಬನ್ ಒಪ್ಪಂದ ತಂದ 50ನೇ ವಿಧಿಯ ನೋಟಿಸು ಕೊಡುತ್ತೇನೆಂದು ಸರ್ಕಾರ ಹೊರಟಾಗ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ, ಸಂಸತ್ತು ಕಾಯಿದೆ ಮಾಡದೆ ಹಾಗೆ ಮಾಡುವಂತಿಲ್ಲ ಎಂದರು. ಜನಮತವೇ ತೀರ್ಪು ಕೊಟ್ಟ ಮೇಲೆ ಸಂಸತ್ತಿನ ಅಪ್ಪಣೆ ಏಕೆ ಎಂಬ ಕೂಗು ಎದ್ದದ್ದು ಆಗಲೇ. ಆದ್ದರಿಂದ ಎರಡನೆಯ ಮತ್ತು ಮೂರನೆಯ ವಾಕ್ಯಗಳು ಒಂದೇ ವಸ್ತುವಿಗಾಗಿ ಹೋರಾಡುತ್ತಿವೆ. ಅವೆರಡಕ್ಕೂ ‘ಪರಮಾಧಿಕಾರ’ ಎಂಬ ಒಂದೇ ಪದ ಇರಬೇಕು. ಮೊದಲನೆಯದು ದೇಶಕ್ಕೂ ಹೊರಗಿನವರಿಗೂ ಇರುವ ಸಂಬಂಧದ ಮಾತು. ಅಲ್ಲಿ ‘ಸಾರ್ವಭೌಮತೆ’ ಉಳಿಯಲಿ. ಆ ಹುಡುಗಿಯ ಪ್ರಶ್ನೆ ಬಹಳ ಸರಿಯಾದದ್ದು. ಅವಳಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ.

ಘೋಷಣೆಗೆ ‘ಲಗಾಮು ಮತ್ತೆ ನಮ್ಮ ಕೈಗೆ’ ಎನ್ನಿ. ‘ಮತ್ತೆ’ ಎಂಬುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಹಿಂದೆ ಇತ್ತು, ನಡುವೆ ಹೋಯಿತು ಎಂದು ವಾದಿಸದೆಯೇ ನಂಬಿಸಿದ್ದು ಆ ಒಂದು ಪದ.

ಮೂರನೆಯ ಉತ್ತರ

ಸಾರ್ವಭೌಮತೆ, ಪರಮಾಧಿಕಾರ ಎರಡೂ ಸಂಸ್ಕೃತ. ಒಂದು ಎರವಲನ್ನು ಬಿಟ್ಟು ಇನ್ನೊಂದು ಎರವಲನ್ನು ಆರಿಸಿಕೊಳ್ಳುವುದನ್ನು ಚರ್ಚೆ ಎಂದು ಕರೆಯಲಾರೆ. ಇಂಗ್ಲಿಷಿನ ಪದ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೂಪರ್’ನಿಂದ ಬಂದಿದೆ, ‘ಮೇಲೆ’ ಎಂದು ಅದರ ಅರ್ಥ. ಕನ್ನಡದಲ್ಲಿ ‘ಮೇಲು’ ಇದೆ, ‘ಆಳು’ ಇದೆ. ‘ಮೇಲಾಳ್ವಿಕೆ’ ಎನ್ನಿ. ಅದು ಹಿಡಿಸದಿದ್ದರೆ ‘ತನ್ನಾಳ್ವಿಕೆ’ ಎನ್ನಿ. ‘ಒಕ್ಕೂಟ’ ಎಂಬ ನಮ್ಮದೇ ಪದವನ್ನು ಎಲ್ಲ ಪತ್ರಿಕೆಗಳೂ ಬಳಸುತ್ತಿರುವಾಗ ಇವಕ್ಕೇನು ಕೊರತೆ? ‘ಲಗಾಮು’ ಪಾರಸಿ. ‘ಕಡಿವಾಣ’ ಇರುವಾಗ ಅದು ಏಕೆ ಬೇಕು? ಪಾಠ ಬರೆಯುವವರೇ ಕನ್ನಡದ ಬೇರನ್ನು ಮರೆತರೆ ಮಕ್ಕಳು ಎಲ್ಲಿಂದ ಕಲಿಯಬೇಕು?

ಎರಡನೆಯ ಉತ್ತರ ಬರೆದವರ ಮರುನುಡಿ

ಕನ್ನಡದ ಬೇರಿನ ಬಗ್ಗೆ ನನಗೂ ಅಷ್ಟೇ ಪ್ರೀತಿಯಿದೆ. ಆ ಪ್ರೀತಿಯಿಂದಲೇ ಈ ಎರಡು ಪದಗಳನ್ನು ಬೇಡವೆನ್ನುತ್ತೇನೆ.

‘ತನ್ನಾಳ್ವಿಕೆ’ ಸ್ಕಾಟ್ಲೆಂಡಿಗೆ ಬಂದ ಕೂಡಲೇ ಮುರಿದುಬೀಳುತ್ತದೆ. 1999ರಿಂದ ಅದಕ್ಕೆ ಎಡಿನ್‌ಬರೋದಲ್ಲಿ ತನ್ನದೇ ಶಾಸನಸಭೆಯಿದೆ, ತನ್ನದೇ ಸರ್ಕಾರವಿದೆ. ಅದು ನಿಜವಾದ ತನ್ನಾಳ್ವಿಕೆ. ಆದರೂ ಅಲ್ಲಿನ ಶೇ 62ರಷ್ಟು ಮತಗಳು ಒಕ್ಕೂಟದಲ್ಲಿ ಉಳಿಯುವ ಪರವಾಗಿ ಬಿದ್ದರೂ ಸ್ಕಾಟ್ಲೆಂಡ್ ಹೊರಗೆ ಬೀಳಬೇಕಾಯಿತು. ತನ್ನಾಳ್ವಿಕೆ ಇದ್ದೂ ಸ್ಕಾಟ್ಲೆಂಡಿಗೆ ಇಲ್ಲದ್ದು ಯಾವುದು ಎಂದು ಕೇಳಿದರೆ, ಅದಕ್ಕೆ ಹೆಸರೇ ಉಳಿದಿರುವುದಿಲ್ಲ. ಇನ್ನು ‘ಮೇಲಾಳ್ವಿಕೆ’ ಎಂದರೆ ಕನ್ನಡಿಗನ ಕಿವಿಗೆ ಕೇಳುವುದು ಮೇಲಿನವರ ಆಳ್ವಿಕೆ. ಮೈಸೂರಿನ ಅರಸರ ಮೇಲೆ ಬ್ರಿಟಿಷರಿಗೆ ಇದ್ದದ್ದು ಅದು. ಅದಕ್ಕೆ ಆ ಪದವನ್ನು ಮೀಸಲಿಡೋಣ ಎಂದರೆ ಸಂತೋಷದಿಂದ ಒಪ್ಪುತ್ತೇನೆ. ‘ಕಡಿವಾಣ’ದ ವಿಷಯದಲ್ಲಿ ಕೋಶವನ್ನು ಬಿಟ್ಟು ಬಳಕೆಯನ್ನು ನೋಡಿ: ಕಡಿವಾಣ ಹಾಕುವುದೆಂದರೆ ತಡೆಯುವುದು, ಲಗಾಮು ಹಿಡಿಯುವುದೆಂದರೆ ನಡೆಸುವುದು. ಘೋಷಣೆಗೆ ಬೇಕಾಗಿರುವುದು ಎರಡನೆಯದು.

ಎರವಲಿನ ಬಗ್ಗೆಯೂ ಒಂದು ಮಾತು. ಇಂಗ್ಲಿಷರೂ ಈ ಪದವನ್ನು ಫ್ರೆಂಚರಿಂದ ತಂದವರೇ. ತಂದ ಮೇಲೆ ಅದಕ್ಕೂ ಆಳ್ವಿಕೆಯ ಅರ್ಥದ ‘ರೇನ್’ ಪದಕ್ಕೂ ನಂಟಿದೆ ಎಂದು ಭ್ರಮಿಸಿ, ಅದರ ಬರವಣಿಗೆಯ ನಡುವೆ ಮೂಲದಲ್ಲಿಲ್ಲದ ‘ಜಿ’ ಅಕ್ಷರವೊಂದನ್ನು ತುರುಕಿದರು. ಅಂತಹ ಪದವನ್ನೇ ಹಿಡಿದುಕೊಂಡು ಅವರು ಸ್ವಂತಿಕೆಯ ಇಷ್ಟು ದೊಡ್ಡ ವಾದವನ್ನು ನಡೆಸಿದರು. ಪದದ ತವರು ಯಾವುದಾದರೂ ಇರಲಿ, ಅದು ಹೇಳಬೇಕಾದ ಭೇದವನ್ನು ಹೇಳುತ್ತದೆಯೇ ಎಂಬುದನ್ನು ನಾನು ನೋಡುತ್ತೇನೆ.

ಹೊಸ ಪದ ಎಲ್ಲಿ ಬೇಕು ಎಂದರೆ, ತಾವು ಮೆಚ್ಚಿದ ‘ಒಕ್ಕೂಟ’ದ ಬಳಿಯೇ ಬೇಕು. ಯೂನಿಯನ್ ಎಂದರೂ ಒಕ್ಕೂಟ, ಫೆಡರೇಶನ್ ಎಂದರೂ ಒಕ್ಕೂಟ ಎಂದು ನಾವು ಬರೆಯುತ್ತಿದ್ದೇವೆ. ಆದರೆ 1991ರಲ್ಲಿ, ಐರೋಪ್ಯ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದದ ಕರಡಿನಲ್ಲಿದ್ದ ‘ಫೆಡರಲ್’ ಎಂಬ ಪದವನ್ನು ತೆಗೆಸಲು ಬ್ರಿಟನ್ ಪಟ್ಟು ಹಿಡಿದು ಗೆದ್ದಿತು. ಅದರ ಜಾಗದಲ್ಲಿ, ಹಿಂದಿನ ಸಮುದಾಯವನ್ನು ಕಟ್ಟಿದ ರೋಮ್ ಒಪ್ಪಂದದ ಕಾಲದಿಂದ ಬಂದಿದ್ದ, ಇನ್ನಷ್ಟು ಹತ್ತಿರವಾಗುತ್ತಾ ಹೋಗುವ ಯೂನಿಯನ್ ಎಂಬ ಮಾತು ನಿಂತಿತು. ಈ ಪ್ರಸಂಗವನ್ನು ಇಂದಿನ ಕನ್ನಡದಲ್ಲಿ ಹೇಳಲು ಹೊರಟರೆ, ಒಕ್ಕೂಟವು ಒಕ್ಕೂಟವಾಗಬಾರದು ಎಂದು ಬ್ರಿಟನ್ ಹಟ ಹಿಡಿಯಿತು ಎಂದಾಗುತ್ತದೆ. ಜರ್ಮನರು ಇದೇ ಇಕ್ಕಟ್ಟಿಗೆ ಸಿಕ್ಕಿದ್ದರು. ರಾಜ್ಯಗಳು ಸಡಿಲವಾಗಿ ಸೇರಿದ ಕೂಟಕ್ಕೆ ‘ಸ್ಟಾಟನ್‌ಬುಂಡ್’, ಒಂದೇ ರಾಜ್ಯವಾಗಿ ಬೆಸೆದ ಕೂಟಕ್ಕೆ ‘ಬುಂಡೆಸ್‌ಸ್ಟಾಟ್’ ಎಂಬ ಎರಡು ಪದಗಳು ಅವರಲ್ಲಿದ್ದವು. ಐರೋಪ್ಯ ಒಕ್ಕೂಟ ಎರಡೂ ಅಲ್ಲವೆಂದು ಅವರ ಸಂವಿಧಾನ ನ್ಯಾಯಾಲಯ 1993ರ ತೀರ್ಪಿನಲ್ಲಿ ‘ಸ್ಟಾಟನ್‌ಫೆರ್‌ಬುಂಡ್’ (ಒಂದೇ ರಾಜ್ಯವಾಗದೆ, ಆದರೂ ರಾಜ್ಯಗಳು ನಿಕಟವಾಗಿ ಹೆಣೆದುಕೊಂಡ ಕೂಟ) ಎಂಬ ಮೂರನೆಯ ಪದವನ್ನು ನೆಲೆಗೊಳಿಸಿತು. ಆ ಪದ ಅವರಿಗೆ ಬೇಕಾದದ್ದು ಜರ್ಮನ್ನಿನ ಶುದ್ಧಿಗಾಗಿ ಅಲ್ಲ. ಅದಿಲ್ಲದೆ ತೀರ್ಪನ್ನೇ ಬರೆಯಲಾಗುತ್ತಿರಲಿಲ್ಲ. ತಮ್ಮಂತಹ ಪದಕಟ್ಟುವವರ ಶ್ರಮ ಇಂತಹ ಕಡೆ ಸಲ್ಲಬೇಕು ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಋಣಿ. ಮೊದಲನೆಯ ವಾಕ್ಯದಲ್ಲಿ ಸಾರ್ವಭೌಮತೆಯನ್ನು ಉಳಿಸಿಕೊಂಡು, ಮಿಕ್ಕ ಎರಡರಲ್ಲಿ ಪರಮಾಧಿಕಾರ ಎಂದು ತಿದ್ದಿದ್ದೇನೆ. ಲಗಾಮನ್ನೂ ಸೇರಿಸಿದ್ದೇನೆ. ಫೆಡರಲ್ ಎಂಬುದನ್ನು ಈ ಮುದ್ರಣದ ಮಟ್ಟಿಗೆ ಫೆಡರಲ್ ಎಂದೇ ಬಿಟ್ಟಿದ್ದೇನೆ. ಮೂರನೆಯ ಉತ್ತರ ಬರೆದ ಹಿರಿಯರು ಅದಕ್ಕೊಂದು ಪದ ಕಟ್ಟಿಕೊಟ್ಟರೆ ಮುಂದಿನ ಮುದ್ರಣದಲ್ಲಿ ಖಂಡಿತ ಬಳಸುತ್ತೇನೆ.

ತಿದ್ದುತ್ತಿರುವಾಗ ನನ್ನದೇ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಬ್ರಿಟನ್ ಒಕ್ಕೂಟದಿಂದ ‘ಹೊರಬಂದಿತು’ ಎಂದು ಮೂರು ಕಡೆ, ‘ಹೊರಹೋಯಿತು’ ಎಂದು ಒಂದು ಕಡೆ ಬರೆದಿದ್ದೆ. ಬಂದಿತು ಎಂದರೆ ಹೇಳುವವನು ಲಂಡನ್ನಿನಲ್ಲಿ ನಿಂತಂತೆ, ಹೋಯಿತು ಎಂದರೆ ಬ್ರಸೆಲ್ಸಿನಲ್ಲಿ ನಿಂತಂತೆ. ಎರಡೂ ಕಡೆಯ ವಾದವನ್ನು ಮುಂದಿಡುವ ಪಾಠದಲ್ಲಿ ಕ್ರಿಯಾಪದವೇ ಪಕ್ಷ ವಹಿಸುವುದು ಸರಿಯೆನಿಸಲಿಲ್ಲ. ನಾಲ್ಕು ಕಡೆಯೂ ಹೊಡೆದುಹಾಕಿ, ‘2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದ ಸದಸ್ಯತ್ವವನ್ನು ತೊರೆಯಿತು’ ಎಂಬ ಮಾದರಿಯಲ್ಲಿ ಬರೆದಿದ್ದೇನೆ. ಇದರಲ್ಲಿ ದೋಷ ಕಂಡವರು ಭಾನುವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.