ಕೆಜಿಎಫ್ ಮೇಲಿನ ಎಲ್-ಬ್ಯಾಂಡ್ ಇಂಟರ್‌ಫೆರೋಗ್ರಾಮ್‌ನಲ್ಲಿ ಪಟ್ಟೆಗಳು: ಅಯಾನುಗೋಳವೇ ಕಾರಣವೇ?

ಪ್ರಶ್ನೆ
ಕೆಜಿಎಫ್ ಗಣಿಗಳ ಸುತ್ತ ನೆಲ ಕುಸಿದಿದೆಯೇ ಎಂದು ನೋಡಲು ಜಪಾನಿನ ಅಲೋಸ್ ಉಪಗ್ರಹದ ಪಾಲ್ಸಾರ್ ರೇಡಾರ್ (ಉದ್ದ ತರಂಗದ ಎಲ್-ಬ್ಯಾಂಡ್) ತೆಗೆದ ಹಳೆಯ ಚಿತ್ರಗಳನ್ನು ಬಳಸುತ್ತಿದ್ದೇನೆ. ಎರಡು ದಿನಗಳ ಚಿತ್ರಗಳನ್ನು ಜೋಡಿ ಮಾಡಿ ಅವುಗಳ ಫೇಸ್ (ಅಲೆಯ ಹಂತ) ವ್ಯತ್ಯಾಸ ತೋರಿಸುವ ಇಂಟರ್‌ಫೆರೋಗ್ರಾಮ್ ತೆಗೆಯುತ್ತೇನೆ. 2010ರ ಒಂದು ಅಸೆಂಡಿಂಗ್ (ಉಪಗ್ರಹ ಉತ್ತರದತ್ತ ಸಾಗುವಾಗ ತೆಗೆದ) ಚಿತ್ರ ಸೇರಿದ ಜೋಡಿಗಳಲ್ಲಿ ಮಾತ್ರ ಉತ್ತರ-ದಕ್ಷಿಣಕ್ಕೆ ಚಾಚಿದ ಪಟ್ಟೆಗಳು ಕಾಣುತ್ತವೆ. ಗುಡ್ಡ, ಬಯಲು ಯಾವುದನ್ನೂ ಲೆಕ್ಕಿಸದೆ ಸಾಗುತ್ತವೆ. ಕಕ್ಷೆಯ ದೋಷವಿರಬಹುದೆಂದು ರ‍್ಯಾಂಪ್ (ಇಡೀ ಚಿತ್ರಕ್ಕೆ ಹರಡಿದ ಇಳಿಜಾರು) ತೆಗೆದರೂ ಹೋಗಲಿಲ್ಲ. ಇದೇ ಜಾಗದ ಬೇರೊಂದು ದಿನದ ಕ್ವಾಡ್-ಪೋಲ್ (ನಾಲ್ಕೂ ಧ್ರುವೀಕರಣ ಜೋಡಿಗಳಿರುವ) ಚಿತ್ರದಲ್ಲಿ ಫ್ಯಾರಡೆ ರೊಟೇಶನ್, ಅಂದರೆ ಅಯಾನುಗೋಳದಲ್ಲಿ ಅಲೆಯ ಧ್ರುವೀಕರಣ ತಿರುಗುವುದು, ಹೆಚ್ಚೂಕಡಿಮೆ ಸೊನ್ನೆ. ಹಾಗಾದರೆ ಇದು ಅಯಾನುಗೋಳದ (ವಾತಾವರಣದ ಮೇಲ್ಭಾಗದ ಎಲೆಕ್ಟ್ರಾನ್ ಪದರದ) ಕೆಲಸವಲ್ಲ ತಾನೇ?

ಉತ್ತರ
ಹಾಗೆ ಹೇಳಲಾಗದು ಸರ್. ಆ ಚಿತ್ರ ಬೇರೆ ದಿನದ್ದು ಎಂಬುದಿರಲಿ, ಅದೇ ದಿನದ್ದಾಗಿದ್ದರೂ ನಮ್ಮ ಕಡೆ ಫ್ಯಾರಡೆ ನಂಬುವ ಸಾಕ್ಷಿಯಲ್ಲ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿಯೇ ಹಾಯುತ್ತದೆ. 1963ರಲ್ಲಿ ತುಂಬಾದಿಂದ ರಾಕೆಟ್ ಹಾರಿಸಿದ್ದೂ ಅದಕ್ಕೇ. ಇಲ್ಲಿ ಕಾಂತಕ್ಷೇತ್ರ ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕಿದೆ, ರೇಡಾರ್ ನೋಡುವುದು ಪೂರ್ವಕ್ಕೆ. ಎರಡೂ ಪರಸ್ಪರ ಲಂಬವಾಗಿದ್ದರೆ ಎಲೆಕ್ಟ್ರಾನ್ ಎಷ್ಟೇ ಇರಲಿ, ಧ್ರುವೀಕರಣ ಹೆಚ್ಚು ತಿರುಗುವುದಿಲ್ಲ. ಫೇಸ್ ವಿಳಂಬಕ್ಕೆ ಮಾತ್ರ ಆ ದಿಕ್ಕಿನ ಹಂಗಿಲ್ಲ. 1270 ಮೆಗಾಹರ್ಟ್ಸ್‌ನಲ್ಲಿ ಒಂದು ಟಿಇಸಿ (ದಾರಿಯಲ್ಲಿರುವ ಒಟ್ಟು ಎಲೆಕ್ಟ್ರಾನ್ ಪ್ರಮಾಣ) ಘಟಕ ಬದಲಾದರೆ ಸುಮಾರು 25 ಸೆಂ.ಮೀ. ಹುಸಿ ಚಲನೆ, ಅಂದರೆ ಎರಡು ಫ್ರಿಂಜ್ (ಫೇಸ್‌ನ ಎರಡು ಪೂರ್ಣ ಸುತ್ತು)! ಸೆಂಟಿನೆಲ್-1 ಉಪಗ್ರಹದ ಸಿ-ಬ್ಯಾಂಡ್‌ನಲ್ಲಿ (ಕಿರಿದಾದ ತರಂಗ) ಅದು ಒಂದೂವರೆ ಸೆಂ.ಮೀ. ಕೂಡ ಆಗದು.

ಅಲೋಸ್ ಅಸೆಂಡಿಂಗ್ ಹಾದುಹೋಗುತ್ತಿದ್ದದ್ದು ರಾತ್ರಿ 10:30ರ ಸುಮಾರಿಗೆ. ಸೂರ್ಯ ಮುಳುಗಿದ ಮೇಲೆ ಹುಟ್ಟುವ ಪ್ಲಾಸ್ಮಾ ಗುಳ್ಳೆಗಳು (ಅಯಾನುಗೋಳದಲ್ಲಿ ಎಲೆಕ್ಟ್ರಾನ್ ಕಡಿಮೆಯಿರುವ ಜಾಗಗಳು) ಆ ಹೊತ್ತಿಗೂ ಇರಬಲ್ಲವು. ಅವು ಕಾಂತರೇಖೆಗುಂಟ ಚಾಚುತ್ತವೆ. ನಿಮ್ಮ ಪಟ್ಟೆಗಳ ದಿಕ್ಕೂ ಅದೇ. ಆ ದಿನದ ಆಂಪ್ಲಿಟ್ಯೂಡ್ (ಮರಳಿ ಬಂದ ಅಲೆಯ ಬಲ ತೋರಿಸುವ) ಚಿತ್ರವನ್ನೂ ನೋಡಿ. ಅಲ್ಲೂ ಪಟ್ಟೆಯಿದ್ದರೆ ಮೋಡ-ತೇವಾಂಶದ ಮೇಲೆ ಹೊರಿಸುವಂತಿಲ್ಲ. ಇಸ್ಕೆ-2 (ISCE-2) ತಂತ್ರಾಂಶದಲ್ಲಿ ಸ್ಪ್ಲಿಟ್ ಸ್ಪೆಕ್ಟ್ರಮ್, ಅಂದರೆ ಬ್ಯಾಂಡ್ ಒಡೆದು ಆವರ್ತನಗಳ ಫೇಸ್ ಹೋಲಿಸಿ ಅಯಾನುಗೋಳದ ಪಾಲು ಕಳೆಯುವ ವಿಧಾನ, ಆನ್ ಮಾಡಿ ಓಡಿಸಿ.

ಪ್ರಶ್ನೆ ಕೇಳಿದವರು
ಆಂಪ್ಲಿಟ್ಯೂಡ್‌ನಲ್ಲೂ ಮಸುಕಾದ ಪಟ್ಟೆಗಳಿವೆ. ಸ್ಪ್ಲಿಟ್ ಸ್ಪೆಕ್ಟ್ರಮ್‌ನಿಂದ ಅಗಲವಾದ ಫ್ರಿಂಜ್‌ಗಳು ಹೋದವು, ಸಣ್ಣ ಪಟ್ಟೆಗಳು ಹಾಗೇ ಇವೆ. ನಾಯ್ಸ್ ತಗ್ಗಿಸಲು ಸರಾಸರಿ ಮಾಡುವ ಫಿಲ್ಟರ್ ಕಿರಿದು ಮಾಡಿದರೆ ಬರೀ ನಾಯ್ಸ್.

ಉತ್ತರ
ಅದು ಈ ವಿಧಾನದ ಮಿತಿ. ಎಫ್‌ಬಿಎಸ್ (ಪಾಲ್ಸಾರ್‌ನ ಒಂದೇ ಧ್ರುವೀಕರಣದ ವಿಧಾನ) ಚಿತ್ರದ ಬ್ಯಾಂಡ್‌ವಿಡ್ತ್ 28 ಮೆಗಾಹರ್ಟ್ಸ್ ಅಷ್ಟೇ. ಅದನ್ನು ಮೂರು ಭಾಗ ಮಾಡಿ ಎರಡು ತುದಿಗಳನ್ನು ಹೋಲಿಸಿದಾಗ ಫೇಸ್ ನಾಯ್ಸ್ ಮೂವತ್ತು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಎರಡು ಧ್ರುವೀಕರಣದ, 14 ಮೆಗಾಹರ್ಟ್ಸ್‌ನ ಎಫ್‌ಬಿಡಿಯಲ್ಲಂತೂ ಇನ್ನೂ ಕಷ್ಟ. ಹಾಗಾಗಿ ದೊಡ್ಡ ಫಿಲ್ಟರ್ ಬೇಕೇಬೇಕು, ಅದರಲ್ಲಿ ಸಣ್ಣ ಪಟ್ಟೆಗಳು ಅಳಿಸಿಹೋಗುವುದರಿಂದ ತಿದ್ದುಪಡಿಗೆ ಅವು ಸಿಗುವುದೇ ಇಲ್ಲ. ನಿಮಗೆ ಬೇಕಿರುವ ಕುಸಿತದ ಅಗಲವೂ ಹೆಚ್ಚೂಕಡಿಮೆ ಅಷ್ಟೇ ಇರುವಾಗ ಆ ಚಿತ್ರವನ್ನು ಉಳಿಸಿಕೊಳ್ಳಬೇಡಿ, ಕೈಬಿಡಿ. ಸೂರ್ಯ ಶಾಂತವಾಗಿದ್ದ 2008-09ರ ಎಫ್‌ಬಿಎಸ್ ಜೋಡಿಗಳಿಂದ ಶುರುಮಾಡಿ. ಗುಳ್ಳೆಗಳು ಹೆಚ್ಚಾಗಿ ಏಳುವ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ಚಿತ್ರಗಳ ಆಂಪ್ಲಿಟ್ಯೂಡ್ ಮೊದಲು ನೋಡಿಯೇ ಸೇರಿಸಿಕೊಳ್ಳಿ.