‘ಶೇ 40 ಸಾಧ್ಯತೆ’ಯನ್ನು ಕನ್ನಡದಲ್ಲಿ ಹೇಗೆ ಹೇಳೋಣ? ಹವಾಮಾನ ಮುನ್ಸೂಚನೆಯ ಕೆಲವು ಪದಗಳ ಬಗ್ಗೆ

ಗೆಳೆಯರೇ,

ಬರುವ ಮೂರು ತಿಂಗಳ ಮಳೆಯನ್ನು ಮೊದಲೇ ಅಂದಾಜು ಮಾಡುವುದು ಹೇಗೆ, ಆ ಕೆಲಸವನ್ನು ಅಭಿವೃದ್ಧಿಶೀಲ ದೇಶಗಳ ಹವಾಮಾನ ಕಚೇರಿಗಳಿಗೆ ಹೇಗೆ ಕಲಿಸುತ್ತಾರೆ ಅನ್ನುವುದರ ಮೇಲೆ ಕನ್ನಡದಲ್ಲಿ ಒಂದು ಉದ್ದದ ಲೇಖನ ಬರೆಯುತ್ತಿದ್ದೇನೆ. ವಿಷಯ ಕೈಗೆ ಸಿಕ್ಕಿದೆ, ಪದಗಳು ಸತಾಯಿಸುತ್ತಿವೆ. ನಿಮ್ಮ ಅಭಿಪ್ರಾಯ ಬೇಕು.

ಸುಲಭದ್ದು ಮೊದಲು. ಶಾಲೆಯ ಭೂಗೋಳದಲ್ಲಿ ದಿನದಿನದ್ದು ‘ಹವಾಮಾನ’, ವರ್ಷಾನುಗಟ್ಟಲೆಯ ಸರಾಸರಿ ‘ವಾಯುಗುಣ’. ಪತ್ರಿಕೆಗಳು ಎರಡಕ್ಕೂ ‘ಹವಾಮಾನ’ ಅಂತಲೇ ಬರೆಯುತ್ತವೆ. ನಾನು ಪತ್ರಿಕೆಗಳ ದಾರಿಯನ್ನೇ ಹಿಡಿದು, ಗೊಂದಲ ಆಗುವ ಕಡೆ ಮಾತ್ರ ‘ವಾಯುಗುಣ’ ಅಂತ ಬರೆಯುತ್ತೇನೆ. ಇದರಲ್ಲಿ ಜಗಳ ಬೇಡ.

ಮೂರು ತಿಂಗಳ ಮುನ್ಸೂಚನೆಗೆ ‘ಋತುಮಾನ ಮುನ್ಸೂಚನೆ’ ಅನ್ನುವುದು ಸರ್ಕಾರಿ ಕನ್ನಡ. ರೈತರ ಬಾಯಲ್ಲಿ ಇರುವುದು ‘ಹಂಗಾಮು’. ಅದನ್ನೇ ತೆಗೆದುಕೊಳ್ಳೋಣ ಅಂದರೆ ಒಂದು ತೊಡಕಿದೆ. ‘ಹಂಗಾಮಿ ಮುನ್ಸೂಚನೆ’ ಅಂತ ಬರೆದರೆ ಹಂಗಾಮಿ ಅಧ್ಯಕ್ಷರ ಹಾಗೆ ಕೇಳುತ್ತದೆ. ಕಾಯಂ ಮುನ್ಸೂಚನೆ ಯಾವಾಗ ಬರುತ್ತೆ ಅಂತ ಯಾರಾದರೂ ಕೇಳಿಯಾರು! ‘ಹಂಗಾಮಿನ ಮುನ್ಸೂಚನೆ’ ಅಂದರೆ ಸರಿಹೋಗುತ್ತದೆ ಅಂತ ಕಾಣುತ್ತೆ. ಇನ್ನೊಂದು ‘ಮುನ್ನೋಟ’. ನಾಳೆಯ ಮಳೆಗೆ ‘ಮುನ್ಸೂಚನೆ’, ಹಂಗಾಮಿನದಕ್ಕೆ ‘ಮುನ್ನೋಟ’ ಅಂತ ಬೇರೆ ಮಾಡಿದರೆ, ಎರಡನೆಯದು ಅಷ್ಟು ಖಚಿತವಲ್ಲ ಅನ್ನುವುದು ಪದದಲ್ಲೇ ಗೊತ್ತಾಗುತ್ತದೆ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ಈ ಎರಡು ವಾಕ್ಯ ಓದಿ:

ವಾಡಿಕೆಗಿಂತ ಕಡಿಮೆ ಮಳೆಯಾಗುವ ಸಾಧ್ಯತೆ ಶೇ 40.
ವಾಡಿಕೆಗಿಂತ ಶೇ 40 ಕಡಿಮೆ ಮಳೆಯಾಗುವ ಸಾಧ್ಯತೆ.

ಇರುವ ಪದಗಳು ಅವೇ. ‘ಶೇ 40’ ಜಾಗ ಬದಲಿಸಿದೆ, ಅಷ್ಟೇ. ಎರಡನೆಯದು ನಿಜವಾದರೆ ಅದು ಭಾರಿ ಬರ. ಮೊದಲನೆಯದು ಹೇಳುವುದು ತುಂಬಾ ಸಣ್ಣ ಸಂಗತಿ. ಒಂದು ಪ್ರದೇಶದ ಮೂವತ್ತು ವರ್ಷಗಳ ಮಳೆ ಲೆಕ್ಕ ತೆಗೆದುಕೊಳ್ಳುತ್ತಾರೆ, ಈಗ ಹೆಚ್ಚಾಗಿ 1991ರಿಂದ 2020ರವರೆಗಿನದು. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸುತ್ತಾರೆ. ಮೊದಲ ಹತ್ತು ವರ್ಷ ‘ಕಡಿಮೆ’, ನಡುವಿನ ಹತ್ತು ‘ವಾಡಿಕೆ’, ಕೊನೆಯ ಹತ್ತು ‘ಜಾಸ್ತಿ’. ಯಾವ ಸುಳಿವೂ ಇಲ್ಲದಿದ್ದರೆ ಮುಂದಿನ ವರ್ಷ ಈ ಮೂರರಲ್ಲಿ ಯಾವುದಕ್ಕೆ ಬೇಕಾದರೂ ಬೀಳಬಹುದು, ಒಂದೊಂದಕ್ಕೂ ಶೇ 33. ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೊ ತಲೆ ಎತ್ತಿತು ಅನ್ನಿ. ಆಗ ಅದರ ಪ್ರಭಾವ ಇರುವ ಒಂದು ಪ್ರದೇಶಕ್ಕೆ 40, 35, 25 ಅಂತ ಬರೆಯಬಹುದು. ಅಂದರೆ ಒಣ ಗುಂಪಿನ ಪಾಲು 33ರಿಂದ 40ಕ್ಕೆ ಏರಿತು. ಎಷ್ಟು ಕಡಿಮೆ ಮಳೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಇನ್ನೂ ನೋಡಿ: ಮಳೆ ಕಡಿಮೆ ಆಗದೇ ಇರುವ ಪಾಲು ಈಗಲೂ ಶೇ 60.

ನಮ್ಮ ಓದುಗರು ಇಲ್ಲಿ ಎಡವಲು ಇನ್ನೊಂದು ಕಾರಣವೂ ಇದೆ. ಭಾರತದ ಹವಾಮಾನ ಇಲಾಖೆ ಮುಂಗಾರಿಗೆ ಬಳಸುವ ‘ವಾಡಿಕೆ’ಯ ಅಳತೆ ಬೇರೆ. ದೇಶದ ದೀರ್ಘಾವಧಿ ಸರಾಸರಿ 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಿದ್ದರೆ ವಾಡಿಕೆ. ಅಲ್ಲಿ ಶೇಕಡಾ ಅಂದರೆ ಮಳೆಯ ಪ್ರಮಾಣ. ವರ್ಷ ವರ್ಷ ಅದನ್ನೇ ಓದಿದ ಕಣ್ಣು ‘ಶೇ 40’ ಕಂಡ ಕೂಡಲೇ ಪ್ರಮಾಣ ಅಂತಲೇ ಓದುತ್ತದೆ.

ಇದು ಸುಮ್ನೆ ವ್ಯಾಕರಣದ ಜಗಳ ಅಲ್ಲ. 1997ರಲ್ಲಿ ಜಿಂಬಾಬ್ವೆಯ ಕಡೋಮದಲ್ಲಿ ಆಫ್ರಿಕದ ದಕ್ಷಿಣ ಭಾಗದ ದೇಶಗಳ ಹವಾಮಾನ ತಜ್ಞರು ಕೂತು, ಮೊದಲ ಸಲ ಒಮ್ಮತದ ಹಂಗಾಮಿನ ಮುನ್ನೋಟ ಸಿದ್ಧ ಮಾಡಿದರು. ಅದು ದೊಡ್ಡ ಎಲ್ ನಿನೊ ವರ್ಷ. ಮುನ್ನೋಟದಲ್ಲಿ ಇದ್ದದ್ದು ಸಾಧ್ಯತೆಗಳು. ಜನರಿಗೆ ತಲುಪುವ ಹೊತ್ತಿಗೆ ಅದು ‘ಬರ ಬರುತ್ತೆ’ ಅಂತ ಆಗಿತ್ತು. ಜಿಂಬಾಬ್ವೆಯಲ್ಲಿ ಬ್ಯಾಂಕುಗಳು ರೈತರ ಸಾಲಕ್ಕೆ ಕೈ ಬಿಗಿ ಮಾಡಿದವು, ಬಿತ್ತನೆಯೂ ಕಡಿಮೆಯಾಯಿತು. ಮಳೆ ಹೆದರಿದಷ್ಟು ಕೈಕೊಡಲಿಲ್ಲ. ಅಲ್ಲಿಂದೀಚೆಗೆ ಇಂಥ ಕೂಟಗಳು ಪೂರ್ವ ಆಫ್ರಿಕ, ಪಶ್ಚಿಮ ಆಫ್ರಿಕಗಳಲ್ಲಿ ಶುರುವಾದವು. ದಕ್ಷಿಣ ಏಷ್ಯಾದ್ದು 2010ರಲ್ಲಿ ಪುಣೆಯಲ್ಲಿ ಶುರುವಾಯಿತು. ಎಷ್ಟೋ ಕಡೆ ಕೂಟಕ್ಕೆ ಮೊದಲು ತರಬೇತಿ ಇರುತ್ತದೆ. ಅದರಲ್ಲಿ ಒಂದು ಪಾಠ, ಈ ಅಂಕಿಗಳನ್ನು ಮಾತಿಗೆ ಇಳಿಸುವುದು ಹೇಗೆ ಅನ್ನುವುದೇ.

ನನಗೆ ಹೊಳೆದಿರುವ ಒಂದು ದಾರಿ ಶೇಕಡಾವನ್ನೇ ಬಿಟ್ಟುಬಿಡುವುದು. ‘ಇಂಥ ಹತ್ತು ವರ್ಷಗಳಲ್ಲಿ ನಾಲ್ಕು ವರ್ಷ ಮಳೆ ಕಡಿಮೆ, ಮೂರೂವರೆ ವರ್ಷ ವಾಡಿಕೆಯಂತೆ’ ಅಂತ ಬರೆಯಬಹುದು. ಮೂರೂವರೆ ವರ್ಷ ನಗು ತರಿಸುತ್ತೆ, ಒಪ್ಪುತ್ತೇನೆ. ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿ ಎಂಟು, ಏಳು, ಐದು ಅಂದರೆ ಸರಿಹೋಗುತ್ತದೆ.

‘ಸಾಧ್ಯತೆ’ ಪದದ ಬಗ್ಗೆಯೂ ಅನುಮಾನ ಇದೆ. ಗಣಿತದ ಪುಸ್ತಕದಲ್ಲಿ ‘ಸಂಭವನೀಯತೆ’ ಇದೆ, ನಾಲಿಗೆ ತಿರುಗಬೇಕು. ಪತ್ರಿಕೆಯಲ್ಲಿ ‘ಮಳೆ ಸಾಧ್ಯತೆ’ ಅಂದರೆ ‘ಮಳೆ ಬರುತ್ತೆ, ಕೊಡೆ ಇಟ್ಟುಕೊಳ್ಳಿ’ ಅಂತಲೇ ಅರ್ಥ. ಹಾಗಾಗಿ 25ಕ್ಕೂ ಸಾಧ್ಯತೆ, 70ಕ್ಕೂ ಸಾಧ್ಯತೆ ಅಂತ ಬರೆದರೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಮೇಲೆ ‘ಪಾಲು’ ಅಂತ ಬಳಸಿ ನೋಡಿದ್ದೇನೆ. ಓದುವಾಗ ಹೇಗನಿಸಿತು ಹೇಳಿ.

ಮುಂದಿನದು ಮುನ್ಸೂಚನೆಯ ‘ಸ್ಕಿಲ್’. ತರಬೇತಿಯಲ್ಲಿ ದಿನಕ್ಕೆ ನೂರು ಸಲ ಬರುವ ಪದ. ‘ಕೌಶಲ’ ಅಂದರೆ ಮನುಷ್ಯರ ಗುಣ. ‘ನಿಖರತೆ’ ಅಂದರೆ ಅರ್ಥವೇ ತಪ್ಪುತ್ತದೆ. ಇದಕ್ಕೆ ಒಂದು ಹಳೇ ಉದಾಹರಣೆ ಇದೆ. 1884ರಲ್ಲಿ ಅಮೆರಿಕದ ಫಿನ್ಲೆ ಎಂಬವರು ಸುಂಟರಗಾಳಿ ಬರುತ್ತೋ ಇಲ್ಲವೋ ಅಂತ 2,803 ಮುನ್ಸೂಚನೆ ಕೊಟ್ಟಿದ್ದರು. ಶೇ 96.6 ಸರಿಯಾಗಿದ್ದವು. ಆಗ ಗಿಲ್ಬರ್ಟ್ ಎಂಬವರು ಒಂದು ಲೆಕ್ಕ ಮುಂದಿಟ್ಟರು: ಏನೂ ನೋಡದೆ ಪ್ರತಿ ಸಲವೂ ‘ಬರಲ್ಲ’ ಅಂದಿದ್ದರೆ ಶೇ 98.2 ಸರಿಯಾಗುತ್ತಿತ್ತು! ನಿಖರತೆ ಬೇಕಾದಷ್ಟಿತ್ತು, ಆದರೆ ಈ ಅಳತೆಯಲ್ಲಿ ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಹಿಂದೆ. ಕಣ್ಣುಮುಚ್ಚಿ ಹೇಳುವುದಕ್ಕಿಂತ ಎಷ್ಟು ಮೇಲು ಅನ್ನುವುದೇ ಸ್ಕಿಲ್. ನನಗೆ ‘ಕಸುವು’ ಹಿಡಿಸಿದೆ. ಮುನ್ಸೂಚನೆಯ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಗೆ ‘ಮಾದರಿ’ ಅನ್ನುತ್ತಾರೆ. ‘ಈ ಮಾದರಿಗೆ ಪೂರ್ವ ಆಫ್ರಿಕದ ಅಕ್ಟೋಬರ್‌–ಡಿಸೆಂಬರ್ ಮಳೆಯಲ್ಲಿ ಕಸುವಿದೆ, ಮಾರ್ಚ್‌–ಮೇ ಮಳೆಯಲ್ಲಿ ಅಷ್ಟಿಲ್ಲ’ ಅಂದರೆ ಸಲೀಸಾಗಿ ಕೇಳುತ್ತದೆ. ಬೇರೆ ಪದ ಇದ್ದರೆ ತಿಳಿಸಿ.

ಈ ಕಸುವನ್ನು ಅಳೆಯಲು ಮಾದರಿಯನ್ನು ಹಳೇ ವರ್ಷಗಳ ಮೇಲೆ ಓಡಿಸಿ, ಆಗ ನಿಜಕ್ಕೂ ಬಿದ್ದ ಮಳೆಯ ಜೊತೆ ತಾಳೆ ನೋಡುತ್ತಾರೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಐದನೇ ಪೀಳಿಗೆಯ ಹಂಗಾಮು ವ್ಯವಸ್ಥೆಯಲ್ಲಿ 1981ರಿಂದೀಚಿನ ವರ್ಷಗಳ ಮೇಲೆ ಹೀಗೆ ಓಡಿಸಿದ್ದಾರೆ. ‘ಮುನ್ಸೂಚನೆ’ಗೆ ಜೋಡಿಯಾಗಿ ‘ಹಿನ್ಸೂಚನೆ’ ಅಂತ ಕಟ್ಟಬಹುದು. ಗಟ್ಟಿಯಾಗಿ ಓದಿದರೆ ‘ಹಿಂಸೆ’ ಕೇಳಿಸುತ್ತೆ. ‘ಹಿನ್ನೋಟ’ವನ್ನು ಸಿನಿಮಾದವರು, ಚರಿತ್ರೆಯವರು ಆಗಲೇ ಹಂಚಿಕೊಂಡಿದ್ದಾರೆ. ‘ಹಳೇ ವರ್ಷಗಳ ಪರೀಕ್ಷೆ’ ಅಂತ ಬಿಡಿಸಿ ಬರೆಯೋಣ ಅಂದುಕೊಂಡಿದ್ದೇನೆ.

ಅದೇ ವ್ಯವಸ್ಥೆಯಲ್ಲಿ ಮುಂದಿನ ಏಳು ತಿಂಗಳಿಗೆ, ಶುರುವಿನ ಸ್ಥಿತಿಯನ್ನು ಚೂರುಚೂರು ಬದಲಿಸಿ, 51 ಸಲ ಲೆಕ್ಕ ಹಾಕುತ್ತಾರೆ. ಅಷ್ಟೂ ಲೆಕ್ಕಗಳಿಗೆ ಒಟ್ಟಾಗಿ ‘ಮೇಳ’ ಅಂದರೆ ಹೇಗೆ? ಭಾಗವತರೂ ಮದ್ದಳೆಯವರೂ ಸೇರಿದಂತೆ ಬೇರೆ ಬೇರೆ ದನಿ, ಒಂದೇ ಪ್ರಸಂಗ. ಆದರೆ ‘ಮುನ್ಸೂಚನಾ ಮೇಳ’ ಅಂತ ಬರೆದರೆ ಜನ ಮಳಿಗೆ ಹುಡುಕಿಕೊಂಡು ಬಂದಾರು. ‘ಮೇಳದ ಮುನ್ಸೂಚನೆ’ ಅನ್ನಬೇಕು.

ತರಬೇತಿಯ ಪದಗಳಿಗೆ ಬಂದರೆ ‘ಸಾಮರ್ಥ್ಯ ವರ್ಧನೆ’ ಆಗಲೇ ಬೇರೂರಿದೆ, ಕೀಳಲು ಹೋಗುವುದಿಲ್ಲ. ನನ್ನ ತಕರಾರು ‘ನೆರವು’ ಪದದ ಮೇಲೆ. ನೆರವು ಅಂದರೆ ಕೊಡುವವರು ಒಬ್ಬರು, ಕೈ ಚಾಚುವವರು ಇನ್ನೊಬ್ಬರು. ಇಲ್ಲಿ ನಡೆಯುವುದು ಹಾಗಲ್ಲ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ವಾಯುಗುಣ ಸಂಸ್ಥೆ ಕಟ್ಟಿದ ಒಂದು ತಂತ್ರಾಂಶವನ್ನು ಎಷ್ಟೋ ತರಬೇತಿಗಳಲ್ಲಿ ಕಲಿಸುತ್ತಾರೆ. ಸಾಗರದ ಬಿಸಿ, ಜಾಗತಿಕ ಮಾದರಿಗಳ ಲೆಕ್ಕ ಹೊರಗಿನಿಂದ ಬರುತ್ತದೆ. ಅದನ್ನು ತಾಳೆ ನೋಡಲು ಬೇಕಾದ ಮಳೆಮಾಪಕದ ಹಳೇ ಲೆಕ್ಕ ಇರುವುದು ಆಯಾ ದೇಶದ ಕಚೇರಿಯಲ್ಲಿ. ಅಲ್ಲೊಂದು ಸೂಕ್ಷ್ಮ ಇದೆ. ಲೆಡ್ಜರಿನಲ್ಲಿ ಒಂದು ತಿಂಗಳು ಖಾಲಿ ಇದ್ದರೆ ಅದು ‘ಮಳೆ ಇಲ್ಲ’ವೋ, ‘ಲೆಕ್ಕ ಇಲ್ಲ’ವೋ? ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ ಕಂಪ್ಯೂಟರ್ ಅದನ್ನು ಬರ ಅಂತ ಕಲಿತುಬಿಡುತ್ತದೆ. ಆ ಲೆಡ್ಜರ್ ಓದಬಲ್ಲವರು ಅಲ್ಲಿನವರೇ. ಹಾಗಾಗಿ ‘ತರಬೇತಿ ನೆರವು’ ಬದಲು ‘ತರಬೇತಿಗೆ ಒತ್ತಾಸೆ’ ಅನ್ನಬೇಕು ಅಂತ ನನ್ನ ಒಲವು. ಒತ್ತಾಸೆ ಅಂದಾಗ ಕೆಲಸ ಮಾಡುವವರು ಅವರೇ, ನಾವು ಬೆನ್ನಿಗೆ ಇದ್ದೇವೆ ಅಂತ ಬರುತ್ತೆ ಅಲ್ವಾ? ನಿಮ್ಮ ಕಡೆ ಈ ಪದ ಇನ್ನೂ ಬಳಕೆಯಲ್ಲಿದೆಯಾ?

ಇನ್ನೊಂದು ‘ಮುನ್ನೆಚ್ಚರಿಕೆ’. ವಿಶ್ವಸಂಸ್ಥೆ 2022ರಲ್ಲಿ, 2027ರೊಳಗೆ ಭೂಮಿಯ ಮೇಲಿನ ಎಲ್ಲರಿಗೂ ಮುನ್ನೆಚ್ಚರಿಕೆ ತಲುಪಬೇಕು ಅಂತ ಗುರಿ ಇಟ್ಟಿತು. ಆದರೆ ಕನ್ನಡದಲ್ಲಿ ಮುನ್ನೆಚ್ಚರಿಕೆಯನ್ನು ಹೆಚ್ಚಾಗಿ ‘ವಹಿಸುತ್ತೇವೆ’, ಕೊಡುವುದು ‘ಎಚ್ಚರಿಕೆ’. ‘ಮುಂಗಡ ಎಚ್ಚರಿಕೆ’ ಅಂದರೆ ಅರ್ಥ ಸ್ಪಷ್ಟ, ಸ್ವಲ್ಪ ಬ್ಯಾಂಕಿನ ವಾಸನೆ ಇದೆ.

ಕೊನೆಯದು ವ್ಯಾಕರಣ ಬಲ್ಲವರಿಗೆ. ಸುದ್ದಿಯ ಕನ್ನಡದಲ್ಲಿ ‘ಮಳೆ ಕಡಿಮೆಯಾಗಲಿದೆ’ ಅಂತ ಬರೆಯುತ್ತಾರೆ. ಆ ‘ಲಿದೆ’ ಬಂದರೆ ಮುಗೀತು, ಶೇ 40 ಹೋಗಿ ನೂರಾಯಿತು. ನಮ್ಮಲ್ಲಿ ‘ಆದೀತು, ಬಂದೀತು’ ಅನ್ನುವ ಸಂಭಾವನಾರ್ಥಕ ರೂಪ ಇದೆ. ‘ಈ ಹಂಗಾಮಿನಲ್ಲಿ ಮಳೆ ಕಡಿಮೆಯಾದೀತು’ ಅಂದರೆ ಆಗಬಹುದು, ಆಗದೆಯೂ ಇರಬಹುದು ಅನ್ನುವುದು ಕ್ರಿಯಾಪದದಲ್ಲೇ ಬಂತು. ‘ಬಿದ್ದೀಯ, ಜೋಕೆ’ ಅನ್ನುವಾಗಿನ ಎಚ್ಚರಿಕೆಯೂ ಅದರೊಳಗಿದೆ. ಹವಾಮಾನ ವರದಿಯಂಥ ಬರಹದಲ್ಲಿ ಈ ರೂಪವನ್ನು ಯಾರಾದರೂ ಬಳಸಿದ್ದು ನೋಡಿದ್ದೀರಾ? ಇಂದಿನ ಓದುಗರಿಗೆ ಅದು ಹಳೆಗಾಲದ ಮಾತು ಅನಿಸುತ್ತದೆಯಾ, ಅಥವಾ ಧೈರ್ಯವಾಗಿ ಬಳಸಬಹುದಾ?